ನಾಕ್ ಹೋಗೈತಿ

ಮಹಾಂತೇಶ ನಗರದ ಗುರುಪುತ್ರಪ್ಪನವರಿಗೆ ಕಾರು ಓಡಿಸಲು ಬರುತ್ತಿತ್ತು ಎಂದರೆ ಹೊಗಳಿಕೆಯಾದೀತು. ಬರುತ್ತಿರಲಿಲ್ಲ ಎಂದರೆ ಅವರ ಲೈಸೆನ್ಸಿಗೆ ಅವಮಾನವಾದೀತು. ಈ ಎರಡರ ನಡುವೆ ಎಲ್ಲೋ ಒಂದು ಕಡೆ, ಎರಡನೇ ಗೇರಿನಲ್ಲಿ, ಅವರು ಇದ್ದರು. ಆದರೆ ಕಾರು ಹೇಗೆ ಓಡುತ್ತದೆ ಎಂದು ಹೇಳುವುದಕ್ಕೆ ಮಾತ್ರ ಅವರಿಗೆ ಚೆನ್ನಾಗಿ ಬರುತ್ತಿತ್ತು.

ನೀರಾವರಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಾಲುವೆಗಳ ನಕಾಶೆ ಬರೆದು ನಿವೃತ್ತರಾದ ಮೇಲೆ ಅವರು ಒಬ್ಬ ಡಾಕ್ಟರರಿಂದ ಎಂಟು ವರ್ಷ ಹಳೆಯ ಬಿಳಿ ಕಾರೊಂದನ್ನು ಕೊಂಡಿದ್ದರು. ಕೊಂಡ ದಿನದಿಂದ ಮೊಬೈಲಿನಲ್ಲಿ ಎಂಜಿನ್ನಿನ ವಿಡಿಯೋ ನೋಡತೊಡಗಿದರು. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಹೊರಟ ಕರೆಂಟು ಕಾಯಿಲ್ ಎಂಬ ತಂತಿಯ ಸುರುಳಿಯನ್ನು ಹೊಕ್ಕು ಇಪ್ಪತ್ತು ಸಾವಿರ ವೋಲ್ಟಾಗಿ ಹೊರಬರುವುದು. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಸಾಸಿವೆ ಕಾಳೂ ಹಿಡಿಯದ ಸಂದಿಯನ್ನು ಹಾರಿ ಕಿಡಿಯಾಗುವುದು. ಆ ಕಿಡಿ ನಿಮಿಷಕ್ಕೆ ಸಾವಿರ ಸಲ ಬಿದ್ದರೂ ಒಮ್ಮೆಯೂ ಹೊತ್ತು ತಪ್ಪದಿರುವುದು. ಮಧ್ಯಾಹ್ನ ಊಟವಾಗಿ ಕಣ್ಣು ಮುಚ್ಚಿದರೆ ಸಾಕು, ಒಳಗೆ ಯಾವುದೋ ಕತ್ತಲ ಕೋಣೆಯಲ್ಲಿ ಸಣ್ಣ ನೀಲಿ ಕಿಡಿಗಳು ಸಾಲಾಗಿ ಹೊತ್ತಿ ಆರುತ್ತಿದ್ದವು. ಗುರುಪುತ್ರಪ್ಪನವರು ನಿದ್ದೆಯಲ್ಲೇ ಮುಗುಳ್ನಗುತ್ತಿದ್ದರು.

ಕನಸು ಕಂಡರೆ ಯಾರಿಗೂ ತೊಂದರೆಯಿಲ್ಲ. ಅದನ್ನು ಬೀಗರಾಗಲಿರುವವರ ಮುಂದೆ ಬಿಡಿಸಿ ಹೇಳಿದರೆ ತೊಂದರೆ. ಮಗಳು ನಿಖಿತಾಳನ್ನು ನೋಡಲು ಗೋಕಾಕದಿಂದ ಬಂದವರಿಗೆ ಅವರು ಉಪ್ಪಿಟ್ಟು ಆರುವವರೆಗೆ ಕಾಯಿಲಿನ ಬಗ್ಗೆ ಹೇಳಿದರು. ಹುಡುಗಿಯ ಬಯೋಡಾಟಾದ ಬೆನ್ನಿನ ಮೇಲೆ ಅದರ ಚಿತ್ರವನ್ನೂ ಬರೆದು ಕೊಟ್ಟರು. ಗೋಕಾಕದವರು ಆ ಕಾಗದವನ್ನು ತೆಗೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಧಾರವಾಡದ ಸಂಬಂಧದಲ್ಲಿ ಹುಡುಗನ ಸೋದರಮಾವ ಸ್ವತಃ ಗ್ಯಾರೇಜು ಇಟ್ಟವರು. ಅವರಿಗೆ ಗುರುಪುತ್ರಪ್ಪನವರು ಪ್ಲಗ್ಗು ಬಿಗಿಯುವ ಸರಿಯಾದ ರೀತಿಯನ್ನು ಕಲಿಸಿಕೊಟ್ಟರು.

ಈಗ ಬಂದದ್ದು ಮೂರನೆಯದು, ಖಾನಾಪುರದ ಸಂಬಂಧ. ಹುಡುಗನ ಹೆಸರು ಆಕಾಶ. ಮನೆತನದವರು ಹಾಲು ಕಾಯಿಸಿ ಖವಾ ಮಾಡಿ ಬೆಳಗಾವಿಯ ಕುಂದಾ ಅಂಗಡಿಗಳಿಗೆ ಕೊಡುವವರು. ಬಂದು ನೋಡಿ ಹೋಗಿ, ಒಪ್ಪಿಗೆಯನ್ನೂ ತಿಳಿಸಿದ್ದರು. ಇನ್ನು ಹೆಣ್ಣಿನ ಕಡೆಯವರು ಹೋಗಿ ಮನೆ ನೋಡಿ ಬರಬೇಕು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಿಖಿತಾ ತಾನೂ ಬರುವೆನೆಂದಳು.

"ಮನಿ ನೋಡಾಕ ಹುಡುಗಿ ಹೋಗೂ ಪದ್ಧತಿ ಇಲ್ಲವಾ," ಎಂದರು ತಾಯಿ ಗೌರವ್ವ.

"ಅಲ್ಲೆ ಇರಾಕಿ ನಾನಾ ನೀನಾ?" ಎಂದಳು ನಿಖಿತಾ. ಆಮೇಲೆ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಈ ಹುಡುಗ ನನಗ ಮನಸಿಗೆ ಬಂದಾನ. ನೀ ಅಲ್ಲೆ ಹೂಂ ಅನ್ನು. ಭಾಳಾತಂದ್ರ ಚಲೋ ಐತಿ ಅನ್ನು. ಅದರ ಮ್ಯಾಲ ಒಂದ ಅಕ್ಷರ ಬ್ಯಾಡ."

"ಎಂಜಿನ್ ಬಗ್ಗೆ ಅವರಾಗೇ ಕೇಳಿದ್ರ?"

"ಖವಾ ಮಾಡಾವ್ರು ಯಾಕ ಕೇಳ್ತಾರ?"

ಗುರುಪುತ್ರಪ್ಪನವರು ಮಾತು ಕೊಟ್ಟರು. ಕೊಡುವಾಗ ಮುಖ ಹಲ್ಲು ಕೀಳಿಸಿಕೊಂಡವರ ಹಾಗಿತ್ತು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಮೂವರೂ ಹೊರಟರು. ಪೀರನವಾಡಿ ದಾಟುವಾಗಲೇ ಮಂಜು ಮುಸುಕಿತ್ತು. ರಸ್ತೆಯ ಮರಗಳು ಒಂದೊಂದಾಗಿ ಎದ್ದು ಬಂದು, ನಿಂತು ನೋಡಿ, ಮತ್ತೆ ಹಿಂದಕ್ಕೆ ಹೋಗಿ ಮಲಗುತ್ತಿದ್ದವು. ಗೌರವ್ವ ಸೀರೆಯ ನಿರಿಗೆ ಕೆಡದ ಹಾಗೆ ಕೂತು ತೂಕಡಿಸುತ್ತಿದ್ದರು. ದೇಸೂರು ಇನ್ನೇನು ಬಂತೆನ್ನುವಾಗ ಗುರುಪುತ್ರಪ್ಪನವರ ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಒಂದು ಹಳದಿ ದೀಪ ಹೊತ್ತಿಕೊಂಡಿತು. ಕಾರಿಗೆ ಇದ್ದಕ್ಕಿದ್ದಂತೆ ವಯಸ್ಸಾದ ಹಾಗಾಯಿತು. ಒತ್ತಿದಷ್ಟೂ ಅದು ಬೇಸರದಿಂದ, ಉಸಿರು ಬಿಡುತ್ತ, ನಡೆಯತೊಡಗಿತು.

ರಸ್ತೆ ಬದಿಯ ಗ್ಯಾರೇಜಿನಲ್ಲಿ ಮಜೀದ ಆಗಷ್ಟೇ ಶಟರು ಎತ್ತಿ ಚಹಾ ಕುಡಿಯುತ್ತಿದ್ದ.

"ಏನಾತ್ರಿ ಸರ್ರ?"

"ಇಗ್ನಿಷನ್‌ದಾಗ ಲೋಪ ಐತಿ. ಟೈಮಿಂಗ್ ಹಿಂದ ಸರದೈತಿ," ಎಂದರು ಗುರುಪುತ್ರಪ್ಪನವರು.

ದುರ್ದೈವವೆಂದರೆ ಈ ಮಾತು ಆಕಸ್ಮಿಕವಾಗಿ ಸರಿಯಾಗಿತ್ತು. ಮಜೀದ ಲೋಟ ಕೆಳಗಿಟ್ಟು ಅವರನ್ನು ಗೌರವದಿಂದ ನೋಡಿದ. ಸ್ಟೇರಿಂಗಿನ ಕೆಳಗೆ ಒಂದು ವೈರು ಚುಚ್ಚಿ, ಅದರ ತುದಿಯ ಸಣ್ಣ ಪರದೆಯನ್ನು ಓದಿದ.

"ಖರೇ ಹೇಳಿದ್ರಿ ನೋಡ್ರಿ. ನಾಕ್ ಸೆನ್ಸರ್ ಹೋಗೈತಿ. ನಿಮಗ ಎಲ್ಲಾ ಗೊತ್ತೈತಿ, ಬಿಡಿಸಿ ಹೇಳೂದ ಬ್ಯಾಡ."

ಬಿಡಿಸಿ ಹೇಳುವುದು ಬೇಕಾಗಿತ್ತು. ಅವನು ಹೇಳದಿದ್ದುದರಿಂದ ಇಲ್ಲಿ ಹೇಳಬೇಕಾಗಿದೆ. ಎಂಜಿನ್ನಿನೊಳಗೆ ಪೆಟ್ರೋಲು ಕಿಡಿಗಾಗಿ ಕಾಯದೆ ತಾನಾಗಿ ಹೊತ್ತಿಕೊಂಡರೆ ಟಕಟಕ ಎಂದು ಬಡಿದ ಸದ್ದಾಗುತ್ತದೆ. ಆ ಬಡಿತಕ್ಕೆ ಇಂಗ್ಲಿಷಿನಲ್ಲಿ ನಾಕ್ ಎನ್ನುತ್ತಾರೆ. ಎಂಜಿನ್ನಿನ ಮೈಗೆ ಬಿಗಿದುಕೊಂಡು ಆ ಸದ್ದಿಗಾಗಿ ಕಿವಿಗೊಟ್ಟಿರುವ ಗುಂಡಿಯಂಥ ಸಾಧನವೇ ನಾಕ್ ಸೆನ್ಸರ್. ಅದು ಕೆಟ್ಟರೆ ಕಾರಿನ ಕಂಪ್ಯೂಟರು ಹೆದರಿ ಕಿಡಿಯನ್ನು ತಡವಾಗಿ ಹಾರಿಸುತ್ತದೆ. ಗಾಡಿ ಬಲಗುಂದುತ್ತದೆ, ಆದರೆ ಓಡುತ್ತದೆ. ಗುರುಪುತ್ರಪ್ಪನವರು ಅಲ್ಲಿಯವರೆಗೆ ನೂರಾ ಹನ್ನೊಂದು ವಿಡಿಯೋ ನೋಡಿದ್ದರು. ಇದರದು ನೂರಾ ಹನ್ನೆರಡನೆಯದು. ಬೆಳಗಾವಿಯಲ್ಲಿ ಹುಟ್ಟಿ ಬೆಳೆದ ಅವರಿಗೆ ನಾಕ್ ಎಂದರೆ ನಾಲ್ಕು, ಮತ್ತೇನೂ ಅಲ್ಲ. ಹೋಗೈತಿ ಎಂಬುದು ಒಂದಕ್ಕಾಯಿತು, ನಾಲ್ಕಾದರೆ ಹೋಗ್ಯಾವ ಅನ್ನಬೇಕು ಎಂಬ ಅನುಮಾನ ಅವರಿಗೆ ಬರಲಿಲ್ಲವೆಂದಲ್ಲ. ಆದರೆ ಮಜೀದನ ಮನೆಮಾತು ಉರ್ದು, ಕನ್ನಡ ಕೈತಪ್ಪಿರಬೇಕು ಎಂದುಕೊಂಡು ಅದನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು.

"ನಾಕ್?" ಎಂದರು.

"ನಾಕ್," ಎಂದ ಮಜೀದ.

"ಹೋಗಬಹುದಾ ಹಿಂಗ?"

"ಹೋಗ್ರಿ. ನಲವತ್ತರ ಮ್ಯಾಲ ಓಡಸಬ್ಯಾಡ್ರಿ. ನಾ ಬೆಳಗಾವ್ಯಾಗ ವಿಚಾರಿಸಿ ಫೋನ್ ಮಾಡತೇನಿ."

ತಡವಾಗುವುದೆಂದು ಬೀಗರಿಗೆ ತಿಳಿಸಬೇಕು. ಗುರುಪುತ್ರಪ್ಪನವರು ರಸ್ತೆಯ ಅಂಚಿಗೆ ಹೋಗಿ ಹುಡುಗನ ತಂದೆ ಸಿದರಾಯರಿಗೆ ಫೋನು ಹಚ್ಚಿದರು. ಅದೇ ಹೊತ್ತಿಗೆ ಲೋಂಡಾ ಕಡೆಯ ರೈಲು ಮಂಜಿನೊಳಗಿಂದ ದೇಸೂರು ನಿಲ್ದಾಣಕ್ಕೆ ಬರುತ್ತಿತ್ತು. ಗಾಲಿಗಳ ಸದ್ದಿನ ಮೇಲೆ ಅವರು ಕೂಗಿ ಹೇಳಿದರು: "ನಾಕ್ ಸೆನ್ಸರ್ ಹೋಗ್ಯಾವ್ರಿ. ಈಗ ಗೊತ್ತಾತು. ಬರಾಕಂತೂ ಬರತೇವಿ, ಆದರ ತಡಾ ಆಗತೈತಿ."

ಆ ಕಡೆ ಫೋನು ಎತ್ತಿದ್ದು ಯಾರು, ಅವರಿಗೆ ಕೇಳಿಸಿದ್ದೇನು ಎಂಬುದು ಗುರುಪುತ್ರಪ್ಪನವರಿಗೆ ಮಧ್ಯಾಹ್ನದವರೆಗೆ ತಿಳಿಯಲಿಲ್ಲ. ಓದುಗರನ್ನೂ ಅಷ್ಟು ಹೊತ್ತು ಕಾಯಿಸುವುದು ಸಭ್ಯತೆಯಲ್ಲ. ಸಿದರಾಯರು ಖವಾದ ಒಲೆಯ ಮುಂದಿದ್ದರು. ಎತ್ತಿದವರು ಅವರ ತಾಯಿ, ಎಂಬತ್ತರ ಪದ್ಮವ್ವ. ಆಕೆಯ ತವರು ಜಾಂಬೋಟಿ ಕಡೆ. ಎಣಿಸುವುದು, ಬೈಯುವುದು, ಮೈಯ ಅಂಗಾಂಗಗಳ ಹೆಸರು, ಎಲ್ಲವೂ ಮರಾಠಿಯಲ್ಲೇ. ನಾಲ್ಕು ಎಂದರೆ ಆಕೆಗೆ ಚಾರ್. ನಾಕ್ ಎಂದರೆ ಮೂಗು. ರೈಲಿನ ಗಾಲಿಗೆ ಸಿಕ್ಕು ಸೆನ್ಸರಿನ ಬಾಲ ತುಂಡಾಗಿತ್ತು. ಹಾಗಾಗಿ ಪದ್ಮವ್ವನಿಗೆ ಕೇಳಿಸಿದ್ದು: ನಾಕಿನ ಸೆನ್ಸು ಹೋಗಿದೆ, ನಮಗೆ ಈಗ ಗೊತ್ತಾಯಿತು.

ಪದ್ಮವ್ವ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತುಬಿಟ್ಟರು. ಏಕೆಂದರೆ ಆ ಮನೆಯಲ್ಲಿ ನಿಜವಾಗಿಯೂ ಒಂದು ಮೂಗು ಹೋಗಿತ್ತು. ಐದು ವರ್ಷದ ಹಿಂದಿನ ಜ್ವರದಲ್ಲಿ ಮೊಮ್ಮಗ ಆಕಾಶನಿಗೆ ವಾಸನೆ ತಿಳಿಯುವುದು ನಿಂತಿತ್ತು. ಖವಾ ಕೆಂಪಾಗುವ ಗಳಿಗೆಯನ್ನು ವಾಸನೆಯಿಂದಲೇ ಹಿಡಿಯುವ ಮನೆತನ ಅದು. ಮೂಗಿಲ್ಲದ ಹುಡುಗನಿಗೆ ಹೆಣ್ಣು ಕೊಡುವವರು ಯಾರು, ಖವಾ ಕೊಳ್ಳುವವರು ಯಾರು ಎಂದು ಆಕೆಯೇ ಎಲ್ಲರ ಬಾಯಿ ಮುಚ್ಚಿಸಿದ್ದರು. ಅಂದಿನಿಂದ ಆ ಮನೆಯಲ್ಲಿ ಮೂಗು ಎಂಬ ಶಬ್ದವನ್ನೇ ಯಾರೂ ಆಡುತ್ತಿರಲಿಲ್ಲ.

ಇತ್ತ ಕಾರು ಮಂಜಿನಲ್ಲಿ ತೇಲುತ್ತಿತ್ತು. ಗುರುಪುತ್ರಪ್ಪನವರು ಸತ್ತ ನಾಲ್ವರು ಯಾರೆಂದು ಲೆಕ್ಕ ಹಾಕುತ್ತಿದ್ದರು.

"ಒಂದು ಕ್ರ್ಯಾಂಕ್ ಸೆನ್ಸರ್. ಹಲ್ಲಿನ ಗಾಲಿ ತಿರಗೂದನ್ನ ನೋಡಿ ಪಿಸ್ಟನ್ ಎಲ್ಲಿ ಐತಿ ಅಂತ ಹೇಳೂದು. ಎರಡನೇದ್ದು ಕ್ಯಾಮ್. ಕಿಡಿ ಬೀಳೂ ಪಾಳಿ ಯಾರದು ಅಂತ ಹೇಳೂದು. ಮೂರನೇದ್ದು ಒಳಗ ಬರೂ ಗಾಳಿ ಅಳಿಯೂದು. ನಾಕನೇದ್ದು ಆಕ್ಸಿಜನ್, ಹೊಗಿ ಮೂಸಿ ನೋಡೂದು."

"ನಾಕೂ ಸತ್ತಾವಂದ್ರ ಗಾಡಿ ಯಾರ ಮ್ಯಾಲ ಹೊಂಟೈತ್ರಿ?" ಎಂದರು ಗೌರವ್ವ, ಕಣ್ಣು ತೆರೆಯದೆ.

"ಅದ ತಿಳೀವಲ್ದು. ಕ್ರ್ಯಾಂಕ್ ಒಂದ ಹೋದ್ರೂ ಕಿಡಿ ಬೀಳಬಾರದು."

ಅವರ ದನಿ ತಗ್ಗಿತ್ತು. ಓಡಬಾರದ ಗಾಡಿ ಓಡುತ್ತಿತ್ತು. ಕಣ್ಣು, ಮೂಗು, ಲೆಕ್ಕ, ಪಾಳಿ ಏನೂ ಇಲ್ಲದೆ, ನಿದ್ದೆಯಲ್ಲಿ ನಡೆಯುವವರ ಹಾಗೆ ಅದು ಖಾನಾಪುರದ ದಾರಿ ಹಿಡಿದು ಹೊರಟಿತ್ತು. ಗುರುಪುತ್ರಪ್ಪನವರು ಹಾರನ್ನೂ ಬಾರಿಸಲಿಲ್ಲ. ನಿದ್ದೆಯಲ್ಲಿ ನಡೆಯುವವರನ್ನು ಎಬ್ಬಿಸಬಾರದು.

"ಒಂದ ಮಾತು," ಎಂದರು ಕೊನೆಗೆ. "ಇದನ್ನ ಬಂದ್ ಮಾಡಬಾರದು. ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲ."

"ಬೀಗರ ಮನಿ ಮುಂದನೂ?" ಎಂದಳು ನಿಖಿತಾ.

"ಎಲ್ಲೂ."

ಸಿದರಾಯರು ಬಾಗಿಲಲ್ಲಿ ನಿಂತಿದ್ದರು. ಒಬ್ಬರೇ ಎದುರಿಸಲಾರದೆ ಪಕ್ಕದ ಮನೆಯ ಬೀರಣ್ಣನವರನ್ನೂ ಕರೆಸಿಕೊಂಡಿದ್ದರು. ಬೀರಣ್ಣನವರು ನಿವೃತ್ತ ಆರೋಗ್ಯ ನಿರೀಕ್ಷಕರು. ಜ್ವರದ ಮಾತು ಬಂದರೆ ಸರಕಾರದ ಪರವಾಗಿ ನಾಲ್ಕು ಮಾತಾಡಬಲ್ಲವರು.

"ಬರ್ರಿ, ಬರ್ರಿ. ಗಾಡಿ ಬಂದ್ ಮಾಡ್ರಿ, ಒಳಗ ಬರ್ರಿ," ಎಂದರು ಸಿದರಾಯರು.

"ಇರಲಿ ಬಿಡ್ರಿ," ಎಂದರು ಗುರುಪುತ್ರಪ್ಪನವರು. ಕಾರು ಗುರುಗುಟ್ಟುತ್ತಲೇ ಇತ್ತು.

ಸಿದರಾಯರ ಮುಖ ಇಳಿಯಿತು. ಬೀರಣ್ಣನವರು ಅವರ ಕಿವಿಯಲ್ಲಿ ಹೇಳಿದರು: "ಕುಂದ್ರೂ ಮಂದಿ ಅಲ್ಲ ಇವರು. ಬೈದು ಹೋಗಾಕ ಬಂದಾರ."

ಮನೆ ನೋಡುವ ನೆಪದಲ್ಲಿ ನಿಖಿತಾ ಆಕಾಶನ ಜೊತೆ ಹಿತ್ತಲಿನ ಖವಾದ ಚಪ್ಪರಕ್ಕೆ ಹೋದಳು. ಸಿದರಾಯರ ಹೆಂಡತಿ ಅಡಿಗೆಮನೆ ಸೇರಿದರು, ಉಳಿದವರು ಪಡಸಾಲೆಯಲ್ಲಿ ಕೂತರು. ಮಗಳಿಗೆ ಕೊಟ್ಟ ಮಾತಿನಂತೆ ಗುರುಪುತ್ರಪ್ಪನವರು ತುಟಿ ಬಿಗಿದುಕೊಂಡರು. ಹಾಲು ಕಾಯುವ ವಾಸನೆ ಮಂಜಿನ ಹಾಗೆ ಮನೆಯೊಳಗೆಲ್ಲ ಹರಡಿತ್ತು. ಹೊರಗೆ ಎಂಜಿನ್ನು ಜೋಗುಳ ಹಾಡುತ್ತಿತ್ತು. ಅವರ ಕಣ್ಣು ಎಳೆಯತೊಡಗಿತು. ನೋಡುವವರಿಗೆ ಅದು ಭಾರೀ ಸಿಟ್ಟನ್ನು ನುಂಗಿಕೊಂಡ ಹಾಗೆ ಕಾಣುತ್ತಿತ್ತು.

"ಮನಿ ಹೆಂಗನಸ್ತ್ರಿ?" ಎಂದರು ಸಿದರಾಯರು.

"ಚಲೋ ಐತಿ."

"ಅವಲಕ್ಕಿ ತಗೋರಿ."

"ಹೂಂ."

ಅವಲಕ್ಕಿ ಮುಗಿಯಿತು. ಸಿದರಾಯರು ಕೈಯೊರೆಸಿಕೊಂಡರು, ಕೆಮ್ಮಿದರು. "ಸರ್ರ, ನೀವು ಫೋನ್‌ದಾಗ ಹೇಳಿದ್ದು ಅವ್ವ ಹೇಳಿದ್ಲು. ನಾಕ್ ಸುದ್ದಿ."

"ಹೂಂ."

"ನಿಮಗ ಹೆಂಗ ಗೊತ್ತಾತ್ರಿ?"

ನೇರವಾಗಿ ಕೇಳಿದ ಮೇಲೆ ಹೂಂ ಎನ್ನುವುದು ಹೇಗೆ. "ದೇಸೂರಾಗ ಮಜೀದ ಅಂತ ಅದಾನ್ರಿ," ಎಂದರು ಗುರುಪುತ್ರಪ್ಪನವರು. "ಒಂದ ವೈರ್ ಚುಚ್ಚಿದ, ಎಲ್ಲಾ ಹೇಳಿದ."

ಸಿದರಾಯರು ಬೀರಣ್ಣನವರನ್ನು ನೋಡಿದರು. ದೇಸೂರಿನಲ್ಲಿ ವೈರು ಚುಚ್ಚಿದರೆ ಖಾನಾಪುರದ ಹುಡುಗನ ಮೂಗು ತಿಳಿಯುವುದು ಹೇಗೆ?

"ಈಗ ಎಲ್ಲಾ ಕಂಪ್ಯೂಟರ್‌ದಾಗ ಇರತೈತಿ," ಎಂದರು ಬೀರಣ್ಣನವರು ಮೆಲ್ಲಗೆ. "ಆಧಾರ ನಂಬರ್ ಹಾಕಿದ್ರ ಒಳಗಿಂದು ಹೊರಗಿಂದು ಎಲ್ಲಾ ಬರತೈತಿ. ನಾ ಆಗಿಂದ ಹೇಳಾಕತ್ತೇನಿ."

"ಮೊದ್ಲ ಹೇಳಬೇಕಾಗಿತ್ರಿ ಸರ್ರ," ಎಂದರು ಸಿದರಾಯರು. "ನಿಮ್ಮ ಮನಿಗೆ ಬಂದಾಗ ಹೇಳಬೇಕಾಗಿತ್ತು. ಹೇಳಲಿಲ್ಲ. ತಪ್ಪು ನಮ್ಮದು."

ಗುರುಪುತ್ರಪ್ಪನವರಿಗೆ ತೂಕಡಿಕೆ ಹಾರಿತು. ತಮ್ಮ ಕಾರಿನ ಸೆ‌ನ್ಸರು ಕೆಟ್ಟರೆ ಇವರದೇನು ತಪ್ಪು? ಅಷ್ಟರಲ್ಲಿ ಗೋಡೆಗೊರಗಿ ಕೂತಿದ್ದ ಪದ್ಮವ್ವ ಮುಂದೆ ಸರಿದರು.

"ನಾಕ್ ಹೋದ್ರ ಏನಾತ್ರಿ ಬೀಗರ? ಹುಡುಗ ಅದಾನಲ್ಲ. ಬಂಗಾರದಂಥಾ ಹುಡುಗ."

ಆಗ ಗುರುಪುತ್ರಪ್ಪನವರ ತಲೆಯಲ್ಲಿ ಕಿಡಿ ಬಿತ್ತು. ಹೊತ್ತು ತಪ್ಪಿ ಬಿತ್ತು, ಆದರೆ ಬಿತ್ತು. ಇವರು ಕಾರಿನ ಮಾತೇ ಆಡುತ್ತಿಲ್ಲ. ಹುಡುಗನಿಗೆ ಈ ಹಿಂದೆ ನೋಡಿದ ಸಂಬಂಧಗಳ ಮಾತು ಇದು. ನಾಲ್ಕು ಸಂಬಂಧ ಬಂದು ನಾಲ್ಕೂ ಮುರಿದು ಹೋಗಿವೆ, ಪಾಪ, ಅದನ್ನು ಮುಚ್ಚಿಟ್ಟಿದ್ದಾರೆ. ಅವರ ಎದೆ ಕರಗಿತು. ಮಗಳಿಗೆ ಕೊಟ್ಟ ಮಾತು ಅದರೊಂದಿಗೆ ಕರಗಿತು.

"ಅದಕ್ಯಾಕ ಇಷ್ಟ ಮನಸಿಗೆ ಹಚ್ಚಿಕೊಂತೀರಿ," ಎಂದರು. "ನಮ್ಮವೂ ಎರಡ ಹೋಗ್ಯಾವು."

"ಎರಡ?" ಎಂದರು ಪದ್ಮವ್ವ. "ಒಂದ ಇರತೈತಲ್ರಿ?"

"ಮೊದ್ಲ ಒಂದ ಇತ್ರಿ. ಅದು ಹೋದ ಮ್ಯಾಲ ಇನ್ನೊಂದು ಬಂತು. ಅದೂ ಹೋತು."

ಪದ್ಮವ್ವ ಅವರ ಮೂಗನ್ನು ನೋಡಿದರು. ಅದು ಅದರ ಸ್ಥಳದಲ್ಲಿತ್ತು. ಅಲ್ಲಿಂದ ಗೌರವ್ವನ ಮೂಗಿನ ಕಡೆ ಕಣ್ಣು ಹೊರಳಿಸಿದರು. ಅದೂ, ಮುತ್ತಿನ ನತ್ತಿನೊಂದಿಗೆ, ಇತ್ತು.

"ಯಾರದ್ದು ಹೋದಾವ್ರಿ?"

"ಹುಡುಗೀವು. ಈ ವಯಸ್ಸಿನ್ಯಾಗ ನಂದೇನ ಹೋಗೂದೈತ್ರಿ. ಮೊದಲಿಂದು ಗೋಕಾಕದ್ದು, ಎರಡನೇದ್ದು ಧಾರವಾಡದ್ದು." ಗುರುಪುತ್ರಪ್ಪನವರು ಅವಲಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಖರೇ ಹೇಳಲಿ? ಎರಡೂ ಹೋಗಿದ್ದು ನನ್ನ ಬಾಯಿಂದ."

ಗೌರವ್ವ ಕಣ್ಣೊರೆಸಿಕೊಂಡರು. ಗಂಡ ಇದನ್ನು ಒಪ್ಪಿಕೊಂಡದ್ದು ಇದೇ ಮೊದಲು.

ಹಿತ್ತಲ ಬಾಗಿಲಿನಾಚೆ ನಿಖಿತಾ ಒಲೆಯ ಬೆಳಕಿನಲ್ಲಿ ನಿಂತಿದ್ದಳು. ಮೂವರು ಖಾನಾಪುರದವರೂ ಕತ್ತು ಚಾಚಿ ಅವಳ ಮೂಗನ್ನು ನೋಡಿದರು. ಅಂಥ ನೀಟಾದ ಮೂಗನ್ನು ಬೀರಣ್ಣನವರು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ.

"ಬೆಳಗಾವ್ಯಾಗ ಡಾಕ್ಟರ್ರು ಶಾಣ್ಯಾ ಅದಾರ," ಎಂದರು ಅವರು, ಸಿದರಾಯರಿಗೆ ಮಾತ್ರ ಕೇಳುವ ಹಾಗೆ. "ಹೊಲಿಗಿದ್ದು ಒಂದ ಟಾಕಿನೂ ಕಾಣವಲ್ದು."

ಪದ್ಮವ್ವನ ಕಣ್ಣೂ ಒದ್ದೆಯಾಗಿತ್ತು. "ಎಂಥಾ ಬಿಚ್ಚ ಮನಸಿನ ಮನಷಾರಿ ನೀವು. ಕೇಳೂಕಿನ ಮೊದ್ಲ ಹೇಳಿದ್ರಿ. ನಾವು ನೋಡ್ರಿ."

ಅದೇ ಹೊತ್ತಿಗೆ ಗುರುಪುತ್ರಪ್ಪನವರ ಮೊಬೈಲು ರಿಂಗಾಯಿತು. ಮಜೀದನ ಹೆಸರು ಕಂಡು ಅವರು ಕಾರಿನ ಹತ್ತಿರ ಹೋದರು.

"ಸರ್ರ, ನಾಕ್ ಸೆನ್ಸರ್ ಸಿಕ್ಕೈತಿ. ನಾಳೆ ಕೂಡಸೂಣು."

"ನಾಕೂ ಸಿಕ್ಕಾವಾ?"

"ನಾಕ್ ಎಲ್ಲಿದಾವ್ರಿ? ಒಂದ ಇರತೈತಿ."

"ಒಂದ? ನೀನ ಅಂದ್ಯೆಲ್ಲೋ ನಾಕ್ ಅಂತ."

ಮಜೀದ, ಗೌರವ ಅಷ್ಟಷ್ಟಾಗಿ ಇಳಿಯುತ್ತಿದ್ದ ದನಿಯಲ್ಲಿ, ನಿಧಾನವಾಗಿ ಹೇಳಿದ: "ನಾಕ್ ಅಂದ್ರ ಬಡಿತ ರೀ ಸರ್ರ. ಬಾಗಲಾ ಬಡದಂಗ. ಎಂಜಿನ್ ಒಳಗ ಬಡದ್ರ ಕೇಳಸ್ಕೊಳ್ಳೂ ಕಿವಿ ಅದು. ಉರ್ದುದಾಗ ನಾಕ್ ಅಂದ್ರ ಮೂಗು, ನಮ್ಮ ಹುಡುಗ್ರೂ ಮೊದ್ಲ ಹಂಗ ತಿಳದಿದ್ರು ಬಿಡ್ರಿ. ಗಾಡಿ ಮೂಗು ಬ್ಯಾರೆ, ಅದು ಹೊಗಿ ಕೊಳವಿದಾಗ ಇರತೈತಿ."

"ಹಂಗಾರ ಗಾಡಿ ಬಂದ್ ಮಾಡಿದ್ರ ಚಾಲೂ ಆಗತೈತಿ?"

"ಬಂದ್ ಮಾಡೇ ಇಲ್ಲೇನ್ರಿ ಇನ್ನ?"

ಗುರುಪುತ್ರಪ್ಪನವರು ಕೀಲಿ ತಿರುಗಿಸಿದರು. ಬೆಳಗಿನಿಂದ ಊರ ಕಿವಿಯಲ್ಲಿ ತುಂಬಿದ್ದ ಗುರುಗುಟ್ಟು ನಿಂತಿತು. ಆ ಮೌನದಲ್ಲಿ ಮಲಪ್ರಭೆಯ ಕಡೆಯಿಂದ ಒಂದು ಕೊಕ್ಕರೆ ಕೂಗಿದ್ದೂ ಕೇಳಿಸಿತು.

ಒಳಗೆ ಬೀರಣ್ಣನವರು ಬೆರಳೆತ್ತಿದರು. "ಬಂದ್ ಮಾಡಿದ್ರು. ಒಪ್ಪಿದ್ರು."

ಪದ್ಮವ್ವ ಎದ್ದರು. ಯಾರ ಕೈಯನ್ನೂ ಹಿಡಿಯದೆ ಹಿತ್ತಲಿಗೆ ನಡೆದರು.

ಮಜೀದ ಫೋನಿನಲ್ಲಿ ಹೇಳಿದ ಮೂಗಿನ ಮಾತು ಇನ್ನೂ ಕಿವಿಯಲ್ಲಿರುವಾಗಲೇ ಗುರುಪುತ್ರಪ್ಪನವರು ಪದ್ಮವ್ವನ ಹಿಂದೆ ಹಿತ್ತಲ ಬಾಗಿಲಿಗೆ ಬಂದರು. ಚಪ್ಪರದ ಕೆಳಗೆ ದೊಡ್ಡ ಕಡಾಯಿಯಲ್ಲಿ ಹಾಲು ಗಟ್ಟಿಯಾಗುತ್ತಿತ್ತು. ಆಕಾಶ ಉದ್ದ ಹಿಡಿಯ ಸೌಟು ತಿರುವುತ್ತಿದ್ದ. ಹಬೆಯ ಆಚೆ ನಿಖಿತಾ. ಪದ್ಮವ್ವ ಅವಳ ಮುಂದೆ ನಿಂತು, ತಮ್ಮ ಮೂಗಿನ ಮೇಲೆ ಬೆರಳಿಟ್ಟರು.

"ತಂಗಿ, ಕೇಳಿಲ್ಲೆ. ಆಕಾಶಂದು ನಾಕ್ ಹೋಗೈತಿ. ವಾಸನಿ ತಿಳಿಯಂಗಿಲ್ಲ. ಮಲ್ಲಿಗಿನೂ ಒಂದ, ಸಗಣೀನೂ ಒಂದ. ಐದು ವರ್ಷಾತು. ಹೆಣ್ಣ ಕೊಡಂಗಿಲ್ಲ ಅಂತ ಮುಚ್ಚಿಟ್ಟಿದ್ವಿ. ಮುಚ್ಚಿಡ್ರಿ ಅಂದಾಕಿ ನಾನ. ನಿಮ್ಮಪ್ಪನಂಥಾ ಮನಷಾ ಮನಿಗೆ ಬಂದ ಮ್ಯಾಲ ಇನ್ನ ನನ್ನ ಕಡಿಂದ ಆಗೂದಿಲ್ಲ."

ಬಾಗಿಲಲ್ಲಿ ಗುರುಪುತ್ರಪ್ಪನವರಿಗೆ ಎಲ್ಲವೂ ತಿಳಿಯಿತು. ಫೋನು, ರೈಲು, ನಾಕು, ತಾವು ಹೋಗಿಸಿದ ಎರಡು, ತಮ್ಮ ಮಗಳ ಮೂಗಿನ ಮೇಲೆ ಬಿದ್ದ ಆ ಮೂರು ಜೊತೆ ಕಣ್ಣುಗಳು. ನಕಾಶೆಯ ಎಲ್ಲ ಗೆರೆಗಳೂ ಒಂದಕ್ಕೊಂದು ಕೂಡಿಕೊಂಡ ಹಾಗಾಯಿತು. ಅದನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಲು, ಬೇಕಾದರೆ ಚಿತ್ರ ಬರೆದು ತೋರಿಸಲು, ಅವರು ಮುಂದೆ ಬಂದರು.

"ಅಜ್ಜಿ, ಅದು ಏನ ಆತಂದ್ರ…"

"ಅಪ್ಪಾ, ಒಂದ ನಿಮಿಷ," ಎಂದಳು ನಿಖಿತಾ. ಅವಳು ಪದ್ಮವ್ವನ ಕೈ ಹಿಡಿದುಕೊಂಡಿದ್ದಳು. "ನನಗ ಗೊತ್ತಿತ್ತು ಅಜ್ಜಿ. ನೀವು ನಮ್ಮನಿಗೆ ಬಂದು ಹೋದ ಮರುದಿನಾನ ಆಕಾಶ ಫೋನ್ ಮಾಡಿ ಹೇಳಿದ್ರು. ಮನ್ಯಾಗ ಹೇಳಬ್ಯಾಡ ಅಂದಾರ ಅಂತನೂ ಹೇಳಿದ್ರು. ವಾಸನಿ ತಿಳೀದಿದ್ರ ನನಗೇನೂ ತೊಂದ್ರಿ ಇಲ್ಲ. ಆದರ ಮುಚ್ಚಿಡೂ ಮನ್ಯಾಗ ನಾ ಬಾಳ್ವಿ ಮಾಡಾಕಿ ಅಲ್ಲ. ಯಾರೂ ಒತ್ತಾಯ ಮಾಡದ, ಕೇಳದ, ನೀವಾಗೇ ಹೇಳ್ತೀರೋ ಇಲ್ಲೋ ನೋಡಬೇಕಂತ ಬಂದಿದ್ದೆ. ಹೇಳದ ಇದ್ರ ಇವತ್ತ ಬ್ಯಾಡ ಅಂದು ಹೋಗಾಕಿದ್ದೆ."

ತೆರೆದ ಬಾಯಿಯನ್ನು ಮುಚ್ಚುವುದು ಸಣ್ಣ ಕೆಲಸವೆಂದು ತಿಳಿದವರು ಗುರುಪುತ್ರಪ್ಪನವರನ್ನು ಆ ಗಳಿಗೆಯಲ್ಲಿ ನೋಡಬೇಕಿತ್ತು. ಒತ್ತಾಯ ಮಾಡಿದ್ದು ದೇಸೂರಿನ ರೈಲು. ಕೇಳಿದ್ದು ಯಾರೂ ಆಡದ ಮಾತು. ಇದನ್ನು ಬಲ್ಲವರು ಭೂಮಿಯ ಮೇಲೆ ಅವರೊಬ್ಬರೇ. ಅಲ್ಲಿಯವರೆಗಿನ ಜೀವನದಲ್ಲಿ ಇದಕ್ಕಿಂತ ಸುಂದರವಾದ ವಿವರಣೆ ಅವರ ನಾಲಿಗೆಯ ತುದಿಗೆ ಬಂದಿರಲಿಲ್ಲ. ಅವರು ಅದನ್ನು ನುಂಗಿದರು. ಗಂಟಲಿನಲ್ಲಿ ಇಳಿದದ್ದು ಎಲ್ಲರಿಗೂ ಕಾಣಿಸಿತು.

"ಏನ ಆತಂದ್ರ?" ಎಂದಳು ನಿಖಿತಾ.

"ಚಲೋ ಐತಿ," ಎಂದರು ಗುರುಪುತ್ರಪ್ಪನವರು.

ಆಗ ನಿಖಿತಾ ಮೂಗು ಅರಳಿಸಿ ಕಡಾಯಿಯ ಕಡೆ ತಿರುಗಿದಳು. "ತಳಾ ಹಿಡ್ಯಾಕತ್ತೈತಿ," ಎಂದಳು. ಅವಳು ಹೇಳುವುದಕ್ಕೂ ಆಕಾಶ ಬಾಗಿ ಒಲೆಯಿಂದ ಕಟ್ಟಿಗೆ ಹಿರಿಯುವುದಕ್ಕೂ ಸರಿಹೋಯಿತು.

"ನಿಮಗ ಹೆಂಗ ಗೊತ್ತಾತು?" ಎಂದಳು ಅವಳು.

"ಸಪ್ಪಳ," ಎಂದ ಆಕಾಶ. ಅವನು ಆ ದಿನ ಹಿರಿಯರ ಮುಂದೆ ಆಡಿದ ಮೊದಲ ಮಾತು ಅದು. "ನೀರ ಇರೂತನಕ ಪಟಪಟ ಅಂತೈತಿ. ತುಪ್ಪಾ ಬಿಟ್ಟ ಕೂಡಲೆ ದನಿ ಸಣ್ಣ ಆಗತೈತಿ. ಕೇಳ್ರಿ."

ಇಬ್ಬರೂ ಕಡಾಯಿಯ ಮೇಲೆ ಬಾಗಿ ಕಿವಿಗೊಟ್ಟರು. ಹಬೆ ಅವರನ್ನು ಮುಸುಕಿತು. ಗುರುಪುತ್ರಪ್ಪನವರಿಗೆ ಇಲ್ಲಿಯೂ ಹೇಳಬೇಕಾದದ್ದು ಬಹಳ ಇತ್ತು. ಅದೂ ಹಿಂದಿನದರ ಹಿಂದೆಯೇ ಒಳಗಿಳಿಯಿತು.

ಪದ್ಮವ್ವ ಮಾತ್ರ ಕಡಾಯಿಯನ್ನು ನೋಡುತ್ತಿರಲಿಲ್ಲ. ಎರಡು ಸಲ ಹೋಗಿದ್ದ ಮೂಗು ತಳ ಹಿಡಿದದ್ದನ್ನು ತಮಗಿಂತ ಮೊದಲು ಹಿಡಿದದ್ದು ಹೇಗೆಂದು ಅವರು ನಿಖಿತಾಳನ್ನೂ, ಆಮೇಲೆ ಅವಳ ಅಪ್ಪನನ್ನೂ, ಬಹಳ ಹೊತ್ತು ನೋಡಿದರು.

ಊಟ ಮುಗಿದು, ಉಡಿ ತುಂಬಿ, ಹೆಂಗಸರು ಬಾಗಿಲಲ್ಲಿ ಮಾತಾಡುತ್ತ ನಿಂತಾಗ ಪದ್ಮವ್ವ ಒಬ್ಬರೇ ಕಾರಿನ ಹತ್ತಿರ ಬಂದರು.

"ಬೀಗರ, ನಿಮ್ಮವು ಎರಡ ಹೋಗ್ಯಾವ ಅಂದ್ರಲ್ಲ. ಏನವು?"

"ಸಂಬಂಧ ರೀ," ಎಂದರು ಗುರುಪುತ್ರಪ್ಪನವರು, ಹಿಂದೆ ಮುಂದೆ ನೋಡಿ.

"ಮತ್ತ ಫೋನ್‌ದಾಗ ನಾಕ್ ಅಂದದ್ದು?"

"ಗಾಡೀದ್ರಿ."

ಪದ್ಮವ್ವ ಕಾರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು, ಅದು ಇನ್ನೂ ಬೆಚ್ಚಗಿತ್ತು. ಬಾಗಿಲಲ್ಲಿ ನಿಂತು ಸಿದರಾಯರ ಹೆಂಡತಿಯ ಜೊತೆ ನಗುತ್ತಿದ್ದ ನಿಖಿತಾಳನ್ನು ನೋಡಿದರು. ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು.

"ನನಗ ವಯಸ್ಸಾತ್ರಿ," ಎಂದರು. "ಕಿವಿ ಸರಿ ಇಲ್ಲ. ನೀವು ಈಗ ಏನ ಹೇಳಿದ್ರೋ ನನಗ ಒಂದೂ ಕೇಳಸಲಿಲ್ಲ. ಮುಂದೂ ಕೇಳಸಂಗಿಲ್ಲ."

"ಹೂಂ," ಎಂದರು ಗುರುಪುತ್ರಪ್ಪನವರು.

ಕಾರು ಒಂದೇ ತಿರುವಿಗೆ ಚಾಲೂ ಆಯಿತು. ಖಾನಾಪುರ ಹಿಂದೆ ಉಳಿಯಿತು. ಇಳಿಬಿಸಿಲಿನಲ್ಲಿ ಸಾಗವಾನಿ ಮರಗಳ ನೆರಳು ಒಂದಾದ ಮೇಲೊಂದು ಗಾಜಿನ ಮೇಲೆ ಬಿದ್ದು ಜಾರುತ್ತಿತ್ತು. ಲಾರಿಗಳು, ಬಸ್ಸುಗಳು, ಕೊನೆಗೆ ಕಬ್ಬಿನ ಟ್ರ್ಯಾಕ್ಟರೊಂದು ಅವರನ್ನು ದಾಟಿ ಹೋದವು. ಗೌರವ್ವ ಮಡಿಲಿನ ಖವಾದ ಡಬ್ಬಿಯನ್ನು ಹಿಡಿದುಕೊಂಡೇ ನಿದ್ದೆ ಹೋದರು.

"ಅಪ್ಪಾ, ಅಜ್ಜಿ ಗಾಡಿ ಹಂತ್ಯಾಕ ಬಂದು ಏನೋ ಅಂದ್ರಲ್ಲ," ಎಂದಳು ನಿಖಿತಾ ಹಿಂದಿನಿಂದ. "ಏನಂದ್ರು?"

ಗುರುಪುತ್ರಪ್ಪನವರು ಕನ್ನಡಿಯಲ್ಲಿ ಮಗಳ ಮುಖ ನೋಡಿದರು. ವೇಗದ ಮುಳ್ಳು ನಲವತ್ತರ ಮೇಲಿತ್ತು. ಅವರು ಕಾಲನ್ನು ಸ್ವಲ್ಪ ಸಡಿಲಿಸಿದರು.

"ನಿಧಾನ ಹೋಗ್ರಿ ಅಂದ್ರು."